ಆಕಾಶ ದೊಡ್ಡದು, ರನ್‌ವೇ ಒಂದೇ!

ಇಷ್ಟು ದೊಡ್ಡ ಆಕಾಶದಲ್ಲಿ ಎರಡು ವಿಮಾನ ಒಂದಕ್ಕೊಂದು ಡಿಕ್ಕಿ ಹೊಡೆಯೋದು ಅಂದರೇನು ಸ್ವಾಮಿ? ಹೀಗೆ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಸಯ್ಯಾಜಿರಾವ್ ರಸ್ತೆಯಲ್ಲಿ ಸ್ಕೂಟರಿಗೆ ಆಟೋ ತಾಗಿದರೆ ಅದಕ್ಕೊಂದು ಅರ್ಥವಿದೆ. ಅಲ್ಲಿ ಕಾಲಿಡಲು ಜಾಗವಿಲ್ಲ. ಮೇಲೆ ಯಾವ ದನ, ಯಾವ ತಳ್ಳುಗಾಡಿ, ಯಾವ ಹಳ್ಳ?

ಉತ್ತರ ಸುಲಭ. ಆಕಾಶ ದೊಡ್ಡದು ನಿಜ, ಇಳಿಯುವ ಜಾಗ ಮಾತ್ರ ಒಂದೇ. ಮೈಸೂರು ಎಷ್ಟೇ ಬೆಳೆದಿರಲಿ, ಜಂಬೂಸವಾರಿಯ ದಿನ ಎಲ್ಲರಿಗೂ ಬೇಕಾದದ್ದು ಅದೇ ಒಂದು ರಸ್ತೆಯ ಬದಿ. ಸಣ್ಣ ವಿಮಾನಗಳ ಕಥೆಯೂ ಹಾಗೆಯೇ. ಅವು ಒಂದಕ್ಕೊಂದು ಬಡಿಯುವುದು ಎಲ್ಲೋ ಮೋಡದಾಚೆ, ಮಧ್ಯರಾತ್ರಿಯ ಬಿರುಗಾಳಿಯಲ್ಲಿ ಅಲ್ಲ. ಬಹುಪಾಲು ಹಾಡಹಗಲಿನಲ್ಲಿ, ಶುಭ್ರ ಬಿಸಿಲಿನಲ್ಲಿ, ಏರೋಡ್ರೋಮಿನ ಪಕ್ಕದಲ್ಲೇ. ಅದರಲ್ಲೂ ಇನ್ನೇನು ನೆಲ ಮುಟ್ಟಬೇಕು ಎನ್ನುವ ಹೊತ್ತಿಗೆ.

ದಿನಾ ನಂಜನಗೂಡು ಬಸ್ಸಿನಲ್ಲಿ ಓಡಾಡುವವರಿಗೆ ಮಂಡಕಳ್ಳಿ ಹೊಸದಲ್ಲ. ರಸ್ತೆಯ ಪಕ್ಕದಲ್ಲೇ ರನ್‌ವೇ. ತರಬೇತಿಯ ಪುಟ್ಟ ವಿಮಾನ ಏರುವುದು, ಸುತ್ತು ಹಾಕುವುದು, ಇಳಿದ ಹಾಗೆ ಮಾಡಿ ಮತ್ತೆ ಏರುವುದು, ಇದನ್ನು ಕಿಟಕಿಯಿಂದ ನೋಡಿರುತ್ತೀರಿ. ಮೈಸೂರೊಂದೇ ಅಲ್ಲ. ಬೆಳಗಾವಿ ಮತ್ತು ಕಲಬುರಗಿಯ ನಿಲ್ದಾಣಗಳಲ್ಲಿ ವಿಮಾನ ಕಲಿಸುವ ಶಾಲೆಗಳಿಗೆ 2021ರಲ್ಲಿ ಜಾಗ ಮಂಜೂರಾಯಿತು. ಶಿವಮೊಗ್ಗಕ್ಕೆ 2023ರಲ್ಲಿ ನಿಲ್ದಾಣ ಬಂತು. ಜಿಲ್ಲೆಗೊಂದು ರನ್‌ವೇ ಬೇಕು ಎಂದು ನಮ್ಮ ನಾಯಕರು ಭಾಷಣ ಮಾಡುತ್ತಲೇ ಇರುತ್ತಾರೆ. ಬರಲಿ, ಬೇಡ ಎನ್ನುವವರು ಯಾರು? ಆದರೆ ರನ್‌ವೇ ಕಟ್ಟುವುದು ಒಂದು ಮಾತು, ಅದರ ಮೇಲಿನ ಗಾಳಿಯಲ್ಲಿ ಶಿಸ್ತು ಕಟ್ಟುವುದು ಇನ್ನೊಂದು. ಎರಡನೆಯದಕ್ಕೆ ಶಂಕುಸ್ಥಾಪನೆ ಇಲ್ಲ, ಆದ್ದರಿಂದ ಭಾಷಣವೂ ಇಲ್ಲ.

ಯಲಹಂಕದಲ್ಲಿ 2019ರ ಫೆಬ್ರವರಿ 19ರಂದು ಸೂರ್ಯಕಿರಣ ತಂಡದ ಎರಡು ವಿಮಾನ ಡಿಕ್ಕಿಯಾಗಿ ಒಬ್ಬ ಪೈಲಟ್ ಸತ್ತದ್ದು ಕೆಲವರಿಗೆ ನೆನಪಿಗೆ ಬಂದೀತು. ಅದು ಪ್ರದರ್ಶನದ ತಾಲೀಮು, ಬೇಕೆಂದೇ ಹತ್ತಿರ ಹತ್ತಿರ ಹಾರುವ ಸೇನೆಯ ಕಸರತ್ತು. ಇಲ್ಲಿ ನಾನು ಹೇಳಹೊರಟಿರುವುದು ಖಾಸಗಿ ಪೈಲಟ್ಟುಗಳ, ಕಲಿಯುವ ಹುಡುಗರ ಮಾತು. ಅವರಿಗೆ ಹತ್ತಿರ ಬರುವ ಉದ್ದೇಶವೇ ಇರುವುದಿಲ್ಲ. ಆದರೂ ಬಂದುಬಿಡುತ್ತಾರೆ.

ಆತುರಗಾರನ ನೇರ ದಾರಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾಟ್ಸನ್‌ವಿಲ್ ಅಂತ ಒಂದು ಊರು. ಅಲ್ಲೊಂದು ಸಣ್ಣ ಏರೋಡ್ರೋಮು, ಟವರ್ ಇಲ್ಲ. ಅಂದರೆ ನೀನು ಮೊದಲು ಇಳಿ, ನೀನು ಆಮೇಲೆ ಬಾ ಎಂದು ಹೇಳುವವರು ಯಾರೂ ಇಲ್ಲ. ಎಲ್ಲರೂ ಒಂದೇ ರೇಡಿಯೋ ತರಂಗದಲ್ಲಿ ತಮ್ಮ ಜಾಗ ಹೇಳಿಕೊಂಡು, ಇನ್ನೊಬ್ಬರದ್ದು ಕೇಳಿಸಿಕೊಂಡು ಇಳಿಯಬೇಕು.

2022ರ ಆಗಸ್ಟ್ 18, ಮಧ್ಯಾಹ್ನ ಮೂರರ ಹತ್ತಿರ. ಸೆಸ್ನಾ 152 ಎಂಬ ಪುಟ್ಟ ವಿಮಾನ ಅಲ್ಲಿ ಸುತ್ತು ಹಾಕುತ್ತ ಇಳಿಯುವ ಅಭ್ಯಾಸ ಮಾಡುತ್ತಿತ್ತು. ಒಳಗೆ ಒಬ್ಬನೇ. ಅದೇ ಹೊತ್ತಿಗೆ ಸೆಸ್ನಾ 340 ಎಂಬ ಎರಡು ಎಂಜಿನ್ನಿನ ವಿಮಾನ ದೂರದಿಂದ ಬಂತು. ಅದರಲ್ಲಿ ಇಬ್ಬರು, ಜೊತೆಗೊಂದು ನಾಯಿ. ಹತ್ತು ಮೈಲಿ ದೂರದಲ್ಲಿದ್ದಾಗಲೇ ಅದರ ಪೈಲಟ್ ರೇಡಿಯೋದಲ್ಲಿ ಹೇಳಿದ: ಸುತ್ತು ಹಾಕುವುದಿಲ್ಲ, ನೇರವಾಗಿ ಬಂದು ಇಳಿಯುತ್ತೇನೆ. ಹಾಗೆ ಇಳಿಯುವುದು ಅಪರಾಧವಲ್ಲ, ನಿಯಮದಲ್ಲಿ ಅವಕಾಶವಿದೆ. ಆದರೆ ವೇಗ? ಗಂಟೆಗೆ ಸುಮಾರು 330 ಕಿಲೋಮೀಟರ್. ಅಂಥ ವಿಮಾನ ಇಳಿಯಲು ಬರುವಾಗ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು. ಪುಟ್ಟ ವಿಮಾನ ಇಳಿಯಲು ಬರುವುದು ಗಂಟೆಗೆ 110ರಿಂದ 130 ಕಿಲೋಮೀಟರಿನಲ್ಲಿ. ಎತ್ತಿನ ಗಾಡಿಯ ಹಿಂದೆ ರಾಜಹಂಸ ಬಸ್ಸು ಬಿಟ್ಟ ಹಾಗೆ.

ಪುಟ್ಟ ವಿಮಾನದವನು ಇಳಿಯುವ ಸಾಲಿಗೆ ತಿರುಗಿದ. ಹಿಂದೆ ಬರುತ್ತಿರುವುದು ಅವನಿಗೆ ಕಂಡಿತು. ನೀವು ಬಹಳ ಜೋರಾಗಿ ನನ್ನ ಮೇಲೆ ಬರುತ್ತಿದ್ದೀರಿ, ನಾನು ಇಳಿಯದೆ ಇನ್ನೊಂದು ಸುತ್ತು ಹೋಗುತ್ತೇನೆ ಎಂಬರ್ಥದ ಮಾತನ್ನು ರೇಡಿಯೋದಲ್ಲಿ ಆಡಿದ. ಪಾಪ, ದಾರಿ ಬಿಡಲು ಹೊರಟವನು ಅವನೇ. ಅಷ್ಟರಲ್ಲಿ ನೆಲದಿಂದ ಸುಮಾರು 150 ಅಡಿ ಎತ್ತರದಲ್ಲಿ ಎರಡೂ ಬಡಿದವು. ಮೂವರೂ ಸತ್ತರು, ನಾಯಿಯೂ ಸತ್ತಿತು.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ ಕೊಟ್ಟ ಕಾರಣ ಇದು: ನೇರವಾಗಿ ಇಳಿಯಲು ಬಂದ ಎರಡು ಎಂಜಿನ್ನಿನ ವಿಮಾನದವನು ಮುಂದಿದ್ದ ಪುಟ್ಟ ವಿಮಾನವನ್ನು ನೋಡಿ ತಪ್ಪಿಸಿಕೊಳ್ಳಲಿಲ್ಲ.

ಗಮನಿಸಿ, ಇಲ್ಲಿ ರೇಡಿಯೋ ಕೆಟ್ಟಿರಲಿಲ್ಲ. ಇಬ್ಬರೂ ಮಾತಾಡಿದ್ದರು. ಆದರೂ ಹೀಗಾಯಿತು. ಮಾತಾಡುವುದು ಬೇರೆ, ಇನ್ನೊಬ್ಬನ ಮಾತು ಕೇಳಿ ತನ್ನ ಲೆಕ್ಕಾಚಾರ ಬದಲಿಸಿಕೊಳ್ಳುವುದು ಬೇರೆ. ಹಾರ್ನ್ ಹೊಡೆದೆ, ಇನ್ನು ಜವಾಬ್ದಾರಿ ನಿನ್ನದು ಎನ್ನುವ ಖಾಸಗಿ ಬಸ್ಸಿನ ಡ್ರೈವರುಗಳನ್ನು ನಾವು ನೋಡಿಲ್ಲವೇ?

ಎಡಕ್ಕೆ ಹಾಕುವ ಪ್ರದಕ್ಷಿಣೆ

ಟವರ್ ಇಲ್ಲದ ಕಡೆ ಜೀವ ಉಳಿಸುವುದು ಒಂದು ಹಳೆಯ ಶಿಸ್ತು. ರನ್‌ವೇಯನ್ನು ಒಂದು ಬದಿಯಾಗಿಟ್ಟುಕೊಂಡು ಆಕಾಶದಲ್ಲಿ ಒಂದು ಉದ್ದನೆಯ ಚೌಕ ಕಲ್ಪಿಸಿಕೊಳ್ಳಿ. ನೆಲದಿಂದ ಸಾಮಾನ್ಯವಾಗಿ 1000 ಅಡಿ ಎತ್ತರ. ಇದಕ್ಕೆ ಸರ್ಕ್ಯೂಟ್ ಎನ್ನುತ್ತಾರೆ. ಗಾಳಿಗೆ ಎದುರಾಗಿ ಏರಬೇಕು, ಎಡಕ್ಕೆ ತಿರುಗಬೇಕು, ಮತ್ತೆ ಎಡಕ್ಕೆ ತಿರುಗಿ ರನ್‌ವೇಯ ಪಕ್ಕದಲ್ಲಿ ವಾಪಸು ಬರಬೇಕು, ಇನ್ನೆರಡು ಸಲ ಎಡಕ್ಕೆ ತಿರುಗಿ ಇಳಿಯಬೇಕು. ಪೈಲಟ್ ಕೂರುವುದು ಎಡಗಡೆ ಸೀಟಿನಲ್ಲಿ, ಹಾಗಾಗಿ ಎಡಕ್ಕೆ ತಿರುಗಿದರೆ ರನ್‌ವೇ ಚೆನ್ನಾಗಿ ಕಾಣುತ್ತದೆ.

ನಂಜುಂಡೇಶ್ವರನ ಗುಡಿಯಲ್ಲಿ ಸಾವಿರ ಜನ ಪ್ರದಕ್ಷಿಣೆ ಹಾಕಿದರೂ ಯಾರೂ ಯಾರಿಗೂ ತಲೆ ಹೊಡೆಸಿಕೊಳ್ಳುವುದಿಲ್ಲ. ಯಾಕೆ? ಎಲ್ಲರೂ ಒಂದೇ ಕಡೆಯಿಂದ ಹೋಗುತ್ತಾರೆ. ಪೊಲೀಸಿನವನು ಬೇಕಿಲ್ಲ. ಸರ್ಕ್ಯೂಟಿನ ಗುಟ್ಟೂ ಅಷ್ಟೇ. ನೀನು ಎಲ್ಲಿರುತ್ತೀಯ ಎಂಬುದು ಇನ್ನೊಬ್ಬನಿಗೆ ಮೊದಲೇ ಗೊತ್ತಿದ್ದರೆ ಅವನು ಎಲ್ಲಿ ನೋಡಬೇಕು ಎಂಬುದೂ ಗೊತ್ತಿರುತ್ತದೆ. ನೇರವಾಗಿ ನುಗ್ಗುವವನು ಯಾರೂ ನೋಡದ ದಿಕ್ಕಿನಿಂದ ಬರುತ್ತಾನೆ.

ಇಳಿಯುವ ಸಾಲಿನಲ್ಲಿ ಎರಡು ವಿಮಾನವಿದ್ದರೆ ಕೆಳಗಿರುವುದಕ್ಕೆ ಮೊದಲ ಹಕ್ಕು ಎಂದು ಅಮೆರಿಕದ ನಿಯಮ ಹೇಳುತ್ತದೆ. ಅದರ ಜೊತೆಗೇ, ಆ ಹಕ್ಕು ಇಟ್ಟುಕೊಂಡು ಇನ್ನೊಬ್ಬನ ಮುಂದೆ ನುಗ್ಗುವಂತಿಲ್ಲ, ಅವನನ್ನು ಹಿಂದೆ ಹಾಕುವಂತಿಲ್ಲ ಎಂದೂ ಬರೆದಿದೆ. ನನ್ನನ್ನು ಕೇಳಿದರೆ ಎರಡನೆಯ ಮಾತೇ ದೊಡ್ಡದು. ಹಕ್ಕು ಇರುವುದು ಸಾಧಿಸುವುದಕ್ಕಲ್ಲ, ಬೇಕಾದಾಗ ಬಿಟ್ಟುಕೊಡುವುದಕ್ಕೆ. ಬಿಟ್ಟುಕೊಟ್ಟರೆ ಹೋಗುವುದು ಐದು ನಿಮಿಷ, ಒಂದಷ್ಟು ಪೆಟ್ರೋಲು.

ಕಣ್ಣು ನಂಬಿ ಕೆಡಬೇಡಿ

ಪೈಲಟ್ಟಿಗೆ ಮೊದಲ ಪಾಠ: ಕಣ್ಣು ಬಿಟ್ಟು ನೋಡು, ತಪ್ಪಿಸಿಕೋ. ಕೇಳಲು ಚೆಂದ. ಅಮೆರಿಕದ ವಿಮಾನಯಾನ ಇಲಾಖೆಯ ಲೆಕ್ಕ ನೋಡಿ. ಎದುರಿನ ವಸ್ತು ಕಣ್ಣಿಗೆ ಬಿದ್ದು, ಅದು ವಿಮಾನ ಎಂದು ಗೊತ್ತಾಗಿ, ನನ್ನ ಮೇಲೇ ಬರುತ್ತಿದೆ ಎಂದು ಅರಿವಾಗಿ, ಎತ್ತ ತಿರುಗಲಿ ಎಂದು ತೀರ್ಮಾನಿಸಿ, ಕೈ ಆಡಿ, ವಿಮಾನ ನಿಜಕ್ಕೂ ಹೊರಳುವ ಹೊತ್ತಿಗೆ ಒಟ್ಟು ಹನ್ನೆರಡೂವರೆ ಸೆಕೆಂಡು ಬೇಕು.

ಎರಡು ಸಣ್ಣ ವಿಮಾನ ಗಂಟೆಗೆ 200 ಕಿಲೋಮೀಟರಿನಂತೆ ಎದುರುಬದುರು ಬಂದರೆ ಹನ್ನೆರಡೂವರೆ ಸೆಕೆಂಡಿನಲ್ಲಿ ಅವುಗಳ ನಡುವೆ ಕರಗುವ ದೂರ ಸುಮಾರು 1.4 ಕಿಲೋಮೀಟರ್. ಅಷ್ಟು ದೂರದಿಂದ ಹನ್ನೊಂದು ಮೀಟರ್ ರೆಕ್ಕೆಯ ವಿಮಾನ ಎಷ್ಟು ಕಾಣುತ್ತದೆ? ಅಂಗಡಿಯ ಗಲ್ಲಾದಿಂದ ಹದಿನಾರು ಅಡಿ ಆಚೆ ಯಾರೋ ಒಂದು ಬೆಂಕಿಕಡ್ಡಿಯನ್ನು ಅಡ್ಡ ಹಿಡಿದು ನಿಂತರೆ ಎಷ್ಟು ಕಾಣುತ್ತದೋ ಅಷ್ಟು. ಅದೂ ಹಿಂದೆ ಮನೆ, ಮರ, ಹೊಲಗಳಿದ್ದರೆ ಅದರಲ್ಲೇ ಬೆರೆತು ಹೋಗುತ್ತದೆ.

ಇನ್ನೊಂದು ಮೋಸವಿದೆ. ನಮ್ಮ ಕಣ್ಣಿಗೆ ಅಲುಗಾಡುವುದು ಬೇಗ ಕಾಣುತ್ತದೆ, ನಿಂತದ್ದು ಕಾಣುವುದಿಲ್ಲ. ಡಿಕ್ಕಿಯಾಗುವ ವಿಮಾನ ಗಾಜಿನ ಮೇಲೆ ಅತ್ತಿತ್ತ ಸರಿಯುವುದೇ ಇಲ್ಲ. ಗಾಜಿಗೆ ಅಂಟಿದ ನೊಣದ ಹಾಗೆ ಒಂದೇ ಕಡೆ ನಿಂತಿರುತ್ತದೆ. ಕೊನೆಯ ಕೆಲವು ಸೆಕೆಂಡಿನಲ್ಲಿ ಇದ್ದಕ್ಕಿದ್ದಂತೆ ಗಾಜಿನ ತುಂಬ ಬೆಳೆದುಬಿಡುತ್ತದೆ. ಸರಿಯುತ್ತಿರುವ ವಿಮಾನ ಕಂಡರೆ ಸಾಮಾನ್ಯವಾಗಿ ಭಯವಿಲ್ಲ, ಸರಿಯದೆ ನಿಂತದ್ದು ಕಂಡರೆ ಹುಷಾರು ಎಂದು ಪೈಲಟ್ಟುಗಳಿಗೆ ಕಲಿಸುವುದು ಇದಕ್ಕೇ.

ರೆಕ್ಕೆಗಳೂ ಶತ್ರುಗಳೇ. ರೆಕ್ಕೆ ತಲೆಯ ಮೇಲಿರುವ ವಿಮಾನದವನಿಗೆ ಮೇಲಿರುವುದು ಕಾಣದು. ರೆಕ್ಕೆ ಕಾಲಡಿಯಲ್ಲಿರುವ ವಿಮಾನದವನಿಗೆ ಕೆಳಗಿರುವುದು ಕಾಣದು. ಎರಡನೆಯದು ಮೇಲಿಂದ, ಮೊದಲನೆಯದು ಕೆಳಗಿಂದ, ಎರಡೂ ಒಂದೇ ಸಾಲಿನಲ್ಲಿ ಇಳಿಯುತ್ತಿವೆ ಅನ್ನಿ. ಇಬ್ಬರೂ ಕಣ್ಣು ಬಿಟ್ಟುಕೊಂಡೇ ಕುರುಡರು. ಆಸ್ಟ್ರೇಲಿಯಾದ ವಿಮಾನ ಸುರಕ್ಷತಾ ತನಿಖಾ ಸಂಸ್ಥೆ 1991ರಲ್ಲೇ ಕಣ್ಣಿನ ಕಾವಲಿಗೆ ಎಷ್ಟು ಮಿತಿಯಿದೆ ಎಂದು ವರದಿ ಬರೆದಿದೆ.

ಟವರ್ ಇದ್ದರೆ ಸಾಕೇ?

ಹಾಗಿದ್ದರೆ ಎಲ್ಲ ಕಡೆ ಟವರ್ ಕಟ್ಟಿಬಿಡಿ, ಗೋಳು ತಪ್ಪುತ್ತದೆ ಎನ್ನುವವರಿದ್ದಾರೆ. ಟವರ್ ಬೇಕು, ಸರಿ. ಮಂಡಕಳ್ಳಿಯಲ್ಲಿ ಇದೆ ಕೂಡ. ಆದರೆ ಟವರ್ ದೇವರಲ್ಲ.

ಅಮೆರಿಕದ ಡೆನ್ವರ್ ಬಳಿಯ ಸೆಂಟೆನಿಯಲ್ ಏರೋಡ್ರೋಮಿನಲ್ಲಿ ಟವರ್ ಇದೆ, ಅಕ್ಕಪಕ್ಕದ ರನ್‌ವೇಗಳಿವೆ. 2021ರ ಮೇ 12ರಂದು ಒಂದು ಪುಟ್ಟ ಸಿರಸ್ ವಿಮಾನ ತನ್ನ ರನ್‌ವೇಯ ಸಾಲಿಗೆ ತಿರುಗುವಾಗ ತಿರುವು ದಾಟಿ ಹೋಗಿ ಪಕ್ಕದ ಸಾಲಿನಲ್ಲಿ ಇಳಿಯುತ್ತಿದ್ದ ಮೆಟ್ರೋಲೈನರ್ ಸರಕು ವಿಮಾನಕ್ಕೆ ಬಡಿಯಿತು. ಸಿರಸ್‌ಗೆ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇತ್ತು, ಬಿಚ್ಚಿಕೊಂಡು ನೆಲಕ್ಕೆ ಬಂತು. ಇನ್ನೊಂದು, ಬೆನ್ನು ಹರಿದುಕೊಂಡೇ ರನ್‌ವೇಗೆ ಇಳಿಯಿತು. ಯಾರಿಗೂ ಗಾಯವಿಲ್ಲ! ಇಂಥ ಪುಣ್ಯ ಸಾವಿರಕ್ಕೊಮ್ಮೆ.

ದೂರ ಯಾಕೆ, ನಮ್ಮ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲೇ 2022ರ ಜನವರಿ 7ರಂದು ಒಂದೇ ಕಂಪನಿಯ ಎರಡು ದೊಡ್ಡ ವಿಮಾನ ಅಕ್ಕಪಕ್ಕದ ರನ್‌ವೇಗಳಿಂದ ಒಟ್ಟೊಟ್ಟಿಗೆ ಏರಿ ಹತ್ತಿರ ಹತ್ತಿರ ಬಂದುಬಿಟ್ಟವು. ಒಂದೇ ರನ್‌ವೇ ಬಳಸಬೇಕೆಂಬ ತೀರ್ಮಾನ ಎಲ್ಲರಿಗೂ ತಲುಪಿರಲಿಲ್ಲ. ರೇಡಾರ್ ಮುಂದೆ ಕೂತಿದ್ದ ಕಂಟ್ರೋಲರ್ ಒಬ್ಬರು ತಕ್ಷಣ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಅನಾಹುತ ತಪ್ಪಿಸಿದರು. ದೊಡ್ಡ ನಿಲ್ದಾಣದಲ್ಲಿ ಹಾಗೆ ಎರಡನೆಯ ಕಣ್ಣಿತ್ತು. ಸಣ್ಣ ನಿಲ್ದಾಣದಲ್ಲಿ ಎರಡನೆಯ ಕಣ್ಣು ಯಾರದು?

ದೊಡ್ಡವರಿಗೆ ಯಂತ್ರ, ಸಣ್ಣವರಿಗೆ ಉಪದೇಶ

ಇಲ್ಲೇ ನನ್ನ ತಕರಾರಿರುವುದು. 1978ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಪ್ರಯಾಣಿಕರ ವಿಮಾನವೊಂದು ಸಣ್ಣ ಸೆಸ್ನಾಕ್ಕೆ ಬಡಿದು 144 ಜನ ಸತ್ತರು. 1986ರಲ್ಲಿ ಲಾಸ್ ಏಂಜಲೀಸ್ ಹತ್ತಿರದ ಸೆರಿಟೋಸ್‌ನಲ್ಲಿ ಇದೇ ಕಥೆ, 82 ಸಾವು. ಆಗ ಅಮೆರಿಕ ಎದ್ದು ಕೂತು, ಪ್ರಯಾಣಿಕರ ವಿಮಾನಗಳಲ್ಲಿ ಡಿಕ್ಕಿಯ ಮುನ್ನೆಚ್ಚರಿಕೆ ಕೊಡುವ ಯಂತ್ರ ಇರಲೇಬೇಕೆಂದಿತು. ನಮ್ಮಲ್ಲಿ 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಾಕ್ ವಿಮಾನಗಳು ಡಿಕ್ಕಿಯಾಗಿ 349 ಜನ ಹೋದರು. ಆಮೇಲೆ ನಮ್ಮ ಸರ್ಕಾರವೂ ಅದೇ ದಾರಿ ಹಿಡಿಯಿತು. ನೂರಾರು ಜನ ಒಟ್ಟಿಗೆ ಸತ್ತರೆ ಕಾನೂನು ಬರುತ್ತದೆ. ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಸತ್ತರೆ ಸಂತಾಪ ಬರುತ್ತದೆ.

2025ರ ಜುಲೈ 8ರಂದು ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಸ್ಟೈನ್‌ಬ್ಯಾಕ್ ಬಳಿ ಎರಡು ತರಬೇತಿ ವಿಮಾನ ಡಿಕ್ಕಿಯಾದವು. ಒಂದರಲ್ಲಿ ನಮ್ಮ ಪಕ್ಕದ ಕೇರಳದ ತರುಣ, ಇನ್ನೊಂದರಲ್ಲಿ ಕೆನಡಾದ ತರುಣಿ. ಇಬ್ಬರೂ ಕಲಿಯುವವರು, ಇಬ್ಬರೂ ಏರಿ ಇಳಿಯುವ ಅಭ್ಯಾಸದಲ್ಲಿದ್ದವರು. ಇಬ್ಬರ ವಿಮಾನದಲ್ಲೂ ರೇಡಿಯೋ ಇತ್ತು. ಒಬ್ಬರು ಇನ್ನೊಬ್ಬರನ್ನು ನೋಡಿದ ಹಾಗಿಲ್ಲ ಎಂದು ಶಾಲೆಯ ಮುಖ್ಯಸ್ಥರು ಅಂದು ಹೇಳಿದರು. ಪುಟ್ಟ ರನ್‌ವೇಗೆ ಸ್ವಲ್ಪ ದೂರದಲ್ಲಿ ಇಬ್ಬರೂ ಮುಗಿದುಹೋದರು.

ಯೋಚನೆ ಮಾಡಿ. ನಮ್ಮ ಬೀದಿಯ ದಿನಸಿ ಅಂಗಡಿಯವರ ಮಗ, ಬ್ಯಾಂಕಿನ ಗುಮಾಸ್ತರ ಮಗಳು ಪೈಲಟ್ ಆಗಬೇಕೆಂದರೆ ಲಕ್ಷ ಲಕ್ಷ ಬೇಕು. ಸೈಟು ಮಾರಿ, ಮನೆ ಅಡವಿಟ್ಟು ಸೇರಿಸುವ ತಂದೆತಾಯಿ ಇದ್ದಾರೆ. ಫೀಸು ಎಷ್ಟು, ಕೆಲಸ ಸಿಗುತ್ತದೋ ಎಂದು ಕೇಳುತ್ತಾರೆ. ಒಟ್ಟಿಗೆ ಎಷ್ಟು ವಿಮಾನ ಸುತ್ತು ಹಾಕುತ್ತವೆ, ನಿಮ್ಮ ಎಲ್ಲ ವಿಮಾನದಲ್ಲೂ ಎತ್ತರ ಸಮೇತ ತನ್ನ ಇರುವು ತಿಳಿಸುವ ಯಂತ್ರ ಇದೆಯೇ ಎಂದು ಕೇಳುವವರು ಎಷ್ಟು ಜನ?

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಯಂತ್ರವೂ ಪೂರ್ತಿ ನಂಬುವಂಥದ್ದಲ್ಲ. ಎದುರಿನ ವಿಮಾನ ಸುದ್ದಿ ಕಳಿಸಿದರೆ ಮಾತ್ರ ನನ್ನ ಯಂತ್ರ ತೋರಿಸುತ್ತದೆ. ಹತ್ತರಲ್ಲಿ ಒಂಬತ್ತಕ್ಕೆ ಹಾಕಿ ಒಂದನ್ನು ಬಿಟ್ಟರೆ, ಉಳಿದ ಒಂಬತ್ತು ಜನ ಪರದೆ ನೋಡಿ ಮೇಲೆ ಯಾರೂ ಇಲ್ಲ ಎಂದುಕೊಳ್ಳುತ್ತಾರೆ. ಹಾಕುವುದಾದರೆ ಎಲ್ಲಕ್ಕೂ ಹಾಕಬೇಕು.

ಪೈಲಟ್ ಏನು ಮಾಡಬೇಕು?

ಹತ್ತು ಮೈಲಿ ದೂರದಿಂದಲೇ ರೇಡಿಯೋ ಕೇಳಿಸಿಕೊಳ್ಳುತ್ತ ಬರಬೇಕು. ತನ್ನ ಜಾಗ, ಎತ್ತರ, ಮುಂದೇನು ಮಾಡುತ್ತೇನೆ ಎಂಬುದನ್ನು ಚುಟುಕಾಗಿ ಹೇಳಬೇಕು. ಯಾರಾದರೂ ಇದ್ದರೆ ಹೇಳಿ ಎಂದು ಕೂಗಿ ಸುಮ್ಮನಾದರೆ ಆಗದು, ರೇಡಿಯೋ ಇಲ್ಲದವನೂ ಅಲ್ಲಿರಬಹುದು. ಸಾಧ್ಯವಾದಷ್ಟೂ ನೇರವಾಗಿ ನುಗ್ಗದೆ, ವೇಗ ಮೊದಲೇ ಇಳಿಸಿ, ಎಲ್ಲರ ಹಾಗೆ ಸುತ್ತಿಗೆ ಸೇರಬೇಕು. ಸುತ್ತಿನ ಎತ್ತರಕ್ಕೆ ಮೊದಲೇ ಇಳಿದು ಬರಬೇಕು, ಇನ್ನೊಬ್ಬನ ತಲೆಯ ಮೇಲೆ ಇಳಿಯಬಾರದು. ಹಗಲಾದರೂ ದೀಪ ಹಾಕಬೇಕು. ತಿರುಗುವ ಮುನ್ನ ರೆಕ್ಕೆ ಎತ್ತಿ ಆ ಕಡೆ ನೋಡಬೇಕು. ರನ್‌ವೇಗೆ ಕಾಲಿಡುವ ಮುನ್ನ ಇಳಿಯುವ ಸಾಲಿನ ಕಡೆ ಮೂತಿ ತಿರುಗಿಸಿ ಯಾರು ಬರುತ್ತಿದ್ದಾರೆ ನೋಡಬೇಕು. ಪಕ್ಕದಲ್ಲಿ ಕೂತವರಿಗೂ ಕೆಲಸ ಕೊಡಿ: ಯಾವ ವಿಮಾನ ಕಂಡರೂ ಬೆರಳು ತೋರಿಸಿ ಅನ್ನಿ. ಇಳಿಯುವ ಹೊತ್ತಿನಲ್ಲಿ ಹರಟೆ, ಫೋಟೋ ಬೇಡ. ಮುಂದಿನವನ ಜಾಗ ಗೊತ್ತಾಗದಿದ್ದರೆ ಇಳಿಯುವ ಹಟ ಬಿಟ್ಟು ದೂರದಲ್ಲೇ ಸರಿದು ಇನ್ನೊಂದು ಸುತ್ತು ಬನ್ನಿ. ತಡವಾಗಿ ತಪ್ಪಿಸಿಕೊಳ್ಳುವುದಕ್ಕಿಂತ ಬೇಗ ಬಿಟ್ಟುಕೊಡುವುದು ಮೇಲು.

ಇದು ಪೈಲಟ್ಟುಗಳ ಪಾಲು. ಆಡಳಿತದ ಪಾಲೂ ಇದೆ. ನಮ್ಮ ರಾಜ್ಯದ ಪ್ರತಿ ತರಬೇತಿ ಶಾಲೆಯಲ್ಲೂ, ಕೂದಲೆಳೆಯಲ್ಲಿ ತಪ್ಪಿದ ಪ್ರಸಂಗಗಳನ್ನು ಬರೆದಿಡುವ ಒಂದು ಪುಸ್ತಕ ಇರಬೇಕು. ಬರೆದ ಹುಡುಗನಿಗೆ ಶಿಕ್ಷೆಯಾಗಬಾರದು. ಶಿಕ್ಷೆಯ ಭಯವಿದ್ದರೆ ಪುಸ್ತಕ ಖಾಲಿ ಉಳಿಯುತ್ತದೆ, ಆಕಾಶ ಖಾಲಿ ಉಳಿಯುವುದಿಲ್ಲ. ತಿಂಗಳಿಗೊಮ್ಮೆ ಅದರ ಸಾರಾಂಶ ಊರಿನವರಿಗೂ ತಿಳಿಯಲಿ. ಒಂದೇ ಹೊತ್ತಿಗೆ ಸುತ್ತಿನಲ್ಲಿ ಎಷ್ಟು ವಿಮಾನ ಇರಬಹುದೆಂದು ಮಿತಿ ಹಾಕಲಿ. ಇರುವು ತಿಳಿಸುವ ಯಂತ್ರವಿಲ್ಲದೆ ಯಾವ ತರಬೇತಿ ವಿಮಾನವೂ ಏರದಿರಲಿ.

ಇದಕ್ಕೆಲ್ಲ ದುಡ್ಡು ಯಾರು ಕೊಡುತ್ತಾರೆ ಎಂದು ಕೇಳಬಹುದು. ರನ್‌ವೇ ಉದ್ದ ಮಾಡಲು ಕೋಟಿಗಟ್ಟಲೆ ಕೇಳುವ ನಾವು, ಅದರ ಮೇಲೆ ಹಾರುವ ಮಕ್ಕಳ ಜೀವಕ್ಕೆ ಅದರಲ್ಲೊಂದು ಚೂರು ತೆಗೆದಿಡಲಾರೆವೇ? ಮಂಡಕಳ್ಳಿಯ ಸುತ್ತ ಮನೆ ಮಾಡಿಕೊಂಡವರೂ ಇದ್ದಾರೆ, ಹೆದ್ದಾರಿಯಲ್ಲಿ ಬಸ್ಸುಗಳೂ ಓಡುತ್ತವೆ. ಮೇಲೆ ಬಡಿದದ್ದು ಕೆಳಗೇ ಬೀಳುತ್ತದೆ. ಸೆರಿಟೋಸ್‌ನಲ್ಲಿ ಸತ್ತ 82 ಜನರಲ್ಲಿ 15 ಜನ ನೆಲದ ಮೇಲೆ ಇದ್ದವರು.

ದೊಡ್ಡ ಅನಾಹುತವಾಗಿ, ಮಂತ್ರಿಗಳು ಹೆಲಿಕಾಪ್ಟರಿನಲ್ಲಿ ಬಂದು, ತನಿಖೆಗೆ ಆದೇಶಿಸುವವರೆಗೂ ಕಾಯಬೇಕೇ? ಅದಕ್ಕೆ ಮೊದಲೇ ಸಂಬಂಧಪಟ್ಟವರು ತಲೆ ಎತ್ತಿ ಮೇಲೆ ನೋಡಲಿ.